ಹೊಳೆಬದಿ ಗದ್ದೆಯ ಕಪ್ಪು ಮಣ್ಣು

"ಮಣ್ಣಲ್ಲವಾ, ಅದಕ್ಕೆ ಎಂತ ಇಷ್ಟು ದೊಡ್ಡ ಮಾತು" ಎಂದು ಯಾರಾದರೂ ನನ್ನೆದುರು ಅಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮಾತನ್ನು ನಾನು ಒಂದೇ ಬೇಸಗೆಯಲ್ಲಿ ಮೂವರ ಬಾಯಿಂದ ಕೇಳಿದೆ. ಒಬ್ಬ ಮಣ್ಣು ತೆಗೆಸುವ ಕಂತ್ರಾಟುದಾರ, ಒಬ್ಬರು ನಮ್ಮ ಕಾರ್ಖಾನೆಯ ಮ್ಯಾನೇಜರ್, ಒಬ್ಬರು ಗದ್ದೆಯ ಧನಿ. ಮೂವರೂ ಹೊತ್ತುಹೊತ್ತಿಗೆ ಹೊಟ್ಟೆತುಂಬ ಅನ್ನ ಉಣ್ಣುತ್ತಿದ್ದವರೇ. ಆ ಅನ್ನ ಎಲ್ಲಿಂದ ಬರುತ್ತದೆ ಎಂದು ತಿಳಿದಿದ್ದರೋ, ದೇವರೇ ಬಲ್ಲ.

ಇದು ಯುದ್ಧಕ್ಕಿಂತ ಮುಂಚಿನ ಮಾತು. ಬೋಳಾರದ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ನನ್ನನ್ನು ಮಣ್ಣಿನ ರೈಟರ್ ಎಂದು ಕರೆಯುತ್ತಿದ್ದರು. ರೈಟರ್ ಎಂದರೆ ಮೇಜಿನೆದುರು ಕೂತು ಬರೆಯುವವ ಎಂದುಕೊಳ್ಳಬೇಡಿ. ಯಾವ ಗದ್ದೆಯ ಅಡಿಯಲ್ಲಿ ಹೆಂಚಿಗೆ ತಕ್ಕ ಜೇಡಿಮಣ್ಣು ಉಂಟು ಎಂದು ನೋಡಬೇಕು, ಅಗೆಯುವ ಜಾಗಕ್ಕೆ ಗುರುತು ಹಾಕಿಸಬೇಕು, ದೋಣಿಗಳು ತಾಗುವ ಹೊಳೆಯ ಕಟ್ಟೆಗೆ, ನಮ್ಮ ಧಕ್ಕೆಗೆ, ಮಣ್ಣು ಬಂದಾಗ ಮುಟ್ಟಿ, ಮುರಿದು, ನಾಲಗೆಗೆ ಇಟ್ಟು ನೋಡಿ "ಇಳಿಸಿ" ಎನ್ನಬೇಕು. ನಾನು "ಬೇಡ" ಎಂದರೆ ಆ ದೋಣಿ ತುಂಬಿದ ಹಾಗೆಯೇ ಹಿಂದೆ ಹೋಗಬೇಕು. ಕಾರ್ಖಾನೆಯಲ್ಲಿ ನನಗಿದ್ದ ಅಧಿಕಾರ ಅದೊಂದೇ. ಅದು ಎಷ್ಟು ದೊಡ್ಡ ಅಧಿಕಾರ ಎಂದು ನನಗೂ ಆ ಬೇಸಗೆಯವರೆಗೆ ಗೊತ್ತಿರಲಿಲ್ಲ.

ಗದ್ದೆಯಿಂದ ಜೇಡಿ ತೆಗೆಯುವುದಕ್ಕೆ ಒಂದು ಕ್ರಮ ಉಂಟು. ಸುಗ್ಗಿ ಬೆಳೆ ಕೊಯ್ದ ಮೇಲೆ ಮೊದಲು ಮೇಲಿನ ಕಪ್ಪು ಮಣ್ಣನ್ನು ಪೂರ್ತಿ ಕೆರೆದು ತೆಗೆದು ಗದ್ದೆಯ ಒಂದು ಮೂಲೆಯಲ್ಲಿ ರಾಶಿ ಹಾಕಬೇಕು. ಪೈರು ಬೇರು ಬಿಡುವುದು ಆ ಮೊಳಕಾಲುದ್ದದ ಪದರದಲ್ಲಿ ಮಾತ್ರ. ಅದರ ಕೆಳಗೆ ಹಳದಿ ಮಣ್ಣು, ಅದಕ್ಕೂ ಕೆಳಗೆ ನಮಗೆ ಬೇಕಾದ ನೀಲಿ ಜೇಡಿ. ಜೇಡಿಯನ್ನು ಎದೆಮಟ್ಟಕ್ಕಿಂತ ಆಳಕ್ಕೆ ತೆಗೆಯಬಾರದು. ಹೊಳೆಬದಿಯ ಗದ್ದೆಯಲ್ಲಂತೂ ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಲೇಬಾರದು. ಹೋದರೆ ಬೇಸಗೆಯಲ್ಲಿ ಹೊಳೆಗೆ ಏರಿ ಬರುವ ಸಮುದ್ರದ ಉಪ್ಪುನೀರು ಅಡಿಯಿಂದ ಒಸರುತ್ತದೆ. ಜೇಡಿ ತೆಗೆದಾದ ಮೇಲೆ ಕಪ್ಪು ಮಣ್ಣನ್ನು ಪುನಃ ಹರಡಿಕೊಡಬೇಕು. ಗದ್ದೆ ಸ್ವಲ್ಪ ತಗ್ಗಾಗುತ್ತದೆ, ಆದರೆ ಗದ್ದೆಯಾಗಿಯೇ ಉಳಿಯುತ್ತದೆ.

ಆಳ ಅಳೆಯಲಿಕ್ಕೆ ಸಾಕ್ಷಿ ಬಿಡುವ ಪದ್ಧತಿ ಉಂಟು. ಅಗೆಯುವಾಗ ಗದ್ದೆಯ ನಡುವೆ ಅಲ್ಲಲ್ಲಿ ಒಂದೊಂದು ಮಣ್ಣಿನ ಕಂಬವನ್ನು ಮುಟ್ಟದೆ, ತಲೆಯ ಮೇಲಿನ ಹುಲ್ಲಿನ ಸಮೇತ ಹಾಗೆಯೇ ಬಿಡುತ್ತಾರೆ. ಅದನ್ನು ಸಾಕ್ಷಿ ಎನ್ನುತ್ತಾರೆ. ಸಾಕ್ಷಿಯ ಹುಲ್ಲಿನಿಂದ ಗುಂಡಿಯ ತಳದವರೆಗೆ ಕೋಲು ಹಿಡಿದರೆ ಎಷ್ಟು ತೆಗೆದಿದ್ದಾರೆ ಎಂದು ಗೊತ್ತಾಗುತ್ತದೆ. ಅದರ ಮಾತನ್ನು ಕಂತ್ರಾಟುದಾರನೂ ನಂಬಬೇಕು, ಕಾರ್ಖಾನೆಯೂ ನಂಬಬೇಕು.

ಆ ಬೇಸಗೆ ನಾನು ಗುರುತು ಹಾಕಿದ್ದು ಬೋಳಾರದಿಂದ ಸ್ವಲ್ಪ ಮೇಲಕ್ಕೆ, ಹೊಳೆಗೆ ತಾಗಿಕೊಂಡಿದ್ದ ಒಂದು ಬೈಲುಗದ್ದೆಗೆ. ಗದ್ದೆ ಧನಿಗಳದ್ದು. ಗೇಣಿಗೆ ಮಾಡುತ್ತಿದ್ದವಳು ಗಂಡ ತೀರಿಹೋದ ಒಬ್ಬ ಹೆಂಗಸು; ನನಗಿಂತ ಪ್ರಾಯದಲ್ಲಿ ದೊಡ್ಡವಳಾದದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ. ಜೇಡಿ ಕೊಡುವುದೆಂದು ಧನಿಗಳು ಅವಳನ್ನು ಕೇಳಿ ನಿರ್ಧಾರ ಮಾಡಿರಲಿಲ್ಲ. ಕೇಳುವ ಮರ್ಯಾದೆ ಆ ಕಾಲದಲ್ಲಿ ಯಾವ ಧನಿಗೂ ಇರಲಿಲ್ಲ. ನಾನು ಗುರುತು ಹಾಕಲು ಹಗ್ಗ ಹಿಡಿದು ಹೋದಾಗ ಅವಳು ಗದ್ದೆಯ ಅಂಚಿನ ಹುಣಿಯ ಮೇಲೆ ನಿಂತಿದ್ದಳು.

"ರೈಟ್ರೇ, ಜೇಡಿ ಕೊಂಡು ಹೋಗಿ. ಅದು ನನಗೆ ಗೊತ್ತಿಲ್ಲ, ಕಂಡೂ ಇಲ್ಲ," ಎಂದಳು. "ಮೇಲಿನ ಮಣ್ಣು ಮಾತ್ರ ಒಂದು ಹಿಡಿ ಆಚೆ ಹೋಗಬಾರದು. ಮಳೆ ಹಿಡಿದು ಏಣೆಲು ಬೇಸಾಯ ಶುರುವಾಗುವ ಮುಂಚೆ ಅದು ನನಗೆ ಗದ್ದೆಯಲ್ಲಿ ಬೇಕು."

"ಬರ್ತದೆ ಅಕ್ಕ. ಕ್ರಮವೇ ಹಾಗೆ," ಎಂದೆ.

"ಕ್ರಮ ಎಲ್ಲ ನನಗೆ ಬೇಡ. ಬರ್ತದೆ ಅಂತ ನೀವು ಹೇಳ್ತೀರಾ, ಅದು ಹೇಳಿ."

"ನಾನು ಹೇಳ್ತೇನೆ," ಎಂದೆ.

ಆಮೇಲೆ ಅವಳು ಹೇಳಿದ್ದನ್ನು ನಾನು ಮರೆಯಲಿಲ್ಲ. ಅವಳು ಮದುವೆಯಾಗಿ ಬಂದಾಗ ಆ ಗದ್ದೆ ಬರೀ ಹೊಯಿಗೆ, ಹೊಳೆ ತಂದು ಚೆಲ್ಲಿದ ಮರಳು. ಅತ್ತೆ ಸೊಸೆ ಇಬ್ಬರೂ ಸೇರಿ ವರ್ಷ ವರ್ಷ ಗುಡ್ಡೆಯಿಂದ ಸೊಪ್ಪು ಹೊತ್ತು ಹಾಕಿದರು, ಹಟ್ಟಿಗೊಬ್ಬರ ಹಾಕಿದರು, ಕಸಕಡ್ಡಿ ತರಗೆಲೆಗಳ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟು ಸುಡುಮಣ್ಣು ಮಾಡಿ ಹರಡಿದರು. ಹೊಯಿಗೆ ಕಪ್ಪಾಗಲಿಕ್ಕೆ ಅತ್ತೆಯ ಆಯುಷ್ಯವೇ ಬೇಕಾಯಿತು. "ಅತ್ತೆ ಹೋದದ್ದು ಎಲ್ಲಿಗೂ ಅಲ್ಲ, ಇಲ್ಲಿಗೇ," ಎಂದು ಕಾಲಿನಿಂದ ಗದ್ದೆಯನ್ನು ಮುಟ್ಟಿ ತೋರಿಸಿದಳು. ಗೇಣಿಯ ಅಕ್ಕಿ ಅಳೆಯದ ವರ್ಷ ಧನಿಗಳು ಗದ್ದೆಯನ್ನು ಬೇರೆ ಒಕ್ಕಲಿಗೆ ಕೊಡುತ್ತಾರೆ. ಏಣೆಲು ಆಗದಿದ್ದರೆ ಅವಳೂ ಮಕ್ಕಳೂ ಒಲೆ ಹೊತ್ತುಕೊಂಡು ಹೊರಡಬೇಕು. ಅದನ್ನು ಅವಳು ಅಳುತ್ತಾ ಹೇಳಲಿಲ್ಲ, ಯಾವ ದಿನ ಸಂತೆ ಎಂದು ಹೇಳುವ ಹಾಗೆ ಹೇಳಿದಳು.

ಕೆಲಸ ಶುರುವಾಯಿತು. ಕಪ್ಪು ಮಣ್ಣನ್ನು ಮೂಲೆಯಲ್ಲಿ ರಾಶಿ ಹಾಕಿಸಿದೆ. ಬಿಸಿಲಿಗೆ ಒಣಗಬಾರದು ಎಂದು ಅಕ್ಕನೇ ತೆಂಗಿನ ಮಡಲು ಹೊದೆಸಿದಳು. ಸಾಕ್ಷಿಗಳನ್ನು ನಾನೇ ನಿಂತು ಬಿಡಿಸಿದೆ. ಕಂತ್ರಾಟುದಾರ ಬಂದರಿನವ, ಬಾಯಿ ತುಂಬ ಅಡಿಕೆ, ಮಾತು ತುಂಬ ಸಕ್ಕರೆ. "ನೀವು ಧಕ್ಕೆಯಲ್ಲಿ ನೆರಳಲ್ಲಿ ಕೂತ್ಕೊಳ್ಳಿ ಮಾರಾಯ್ರೆ, ಇಲ್ಲಿದ್ದು ನನಗೆ ಬಿಡಿ," ಎಂದ. ನನಗೆ ಬೇರೆ ಗದ್ದೆಗಳೂ ಇದ್ದವು, ಮೇಲಿನ ಹೊಳೆಯ ಕಡೆಗೆ ಕೆಲವು ದಿನ ಮಣ್ಣು ನೋಡಲು ಹೋಗಬೇಕಿತ್ತು. ಹೋದೆ.

ತಿರುಗಿ ಬಂದ ಮರುದಿನ ಬೆಳಿಗ್ಗೆ ಆ ಗದ್ದೆಯ ದೋಣಿ ಧಕ್ಕೆಗೆ ತಾಗಿತು. ಒಂದು ಉಂಡೆ ಮುರಿದೆ. ಬಣ್ಣ ಚೆನ್ನಾಗಿತ್ತು, ಬೆಣ್ಣೆಯ ಹಾಗೆ ನುಣುಪು. ನಾಲಗೆಗೆ ಇಟ್ಟೆ. ಉಪ್ಪು! ಇನ್ನೊಂದು ಉಂಡೆ ನೋಡಿದೆ, ಅದೂ ಉಪ್ಪು.

"ಇದು ಎಲ್ಲಿಯ ಮಣ್ಣು?" ಎಂದು ಕೇಳಿದೆ.

ಕಂತ್ರಾಟುದಾರ ನಕ್ಕ. "ನೀವೇ ಗುರುತು ಹಾಕಿದ ಗದ್ದೆಯದ್ದು ರೈಟ್ರೆ. ಬೆಳಿಗ್ಗೆ ಉಪ್ಪು ಬಂಗುಡೆ ಮೀನು ಜೋರು ತಿಂದಿರಾ ಹೇಗೆ? ಬಾಯಿ ಉಪ್ಪಾಗಿರಬೇಕು."

ಧಕ್ಕೆಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ದೋಣಿಯನ್ನು ಇಳಿಸದೆ ನಿಲ್ಲಿಸಿ ನೇರ ಗದ್ದೆಗೆ ಹೋದೆ.

ಗುಂಡಿಯಲ್ಲಿ ಮೊಳಕಾಲು ನೀರು. ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದರಿಂದ ಹುಣಿಯ ಮೇಲೆ ನಿಂತವನ ಕಣ್ಣಿಗೆ ಆಳ ಸಿಗುವಂತಿರಲಿಲ್ಲ. ನೀರಿಗಿಳಿದು ಸಾಕ್ಷಿಗೆ ಕೋಲು ಹಿಡಿದೆ. ಸರಿಯಾಗಿ ಎದೆಮಟ್ಟ. ಎರಡನೆಯ ಸಾಕ್ಷಿಗೂ ಹಿಡಿದೆ, ಅದೂ ಎದೆಮಟ್ಟ. ಲೆಕ್ಕ ಸರಿ ಉಂಟು, ಮಣ್ಣು ಮಾತ್ರ ಉಪ್ಪು. ನನ್ನ ನಾಲಗೆಯೇ ಕೆಟ್ಟಿತೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಗುಂಡಿಯ ನೀರನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿದೆ, ಥೂ ಎಂದು ಉಗುಳಿದೆ. ಹೊಳೆ ಒಳಗೆ ಬಂದಾಗಿತ್ತು.

ಕೆಸರಿನಿಂದ ಕಾಲು ಕೀಳಲು ಸಾಕ್ಷಿಯ ತಲೆಯ ಮೇಲೆ ಕೈ ಊರಿದೆ. ಹುಲ್ಲು ಟೋಪಿಯ ಹಾಗೆ ಕಳಚಿ ಕೈಗೆ ಬಂತು. ಅದರ ಅಡಿಯಲ್ಲಿ ಕಪ್ಪು ಮಣ್ಣಿಲ್ಲ, ಹಳದಿಯೂ ಇಲ್ಲ. ಹುಲ್ಲಿನ ಕೆಳಗೆ ನೇರವಾಗಿ ನೀಲಿ ಜೇಡಿ! ಯಾವ ಊರಿನ ಹುಲ್ಲು ಜೇಡಿಯ ಮೇಲೆ ಬೆಳೆಯುತ್ತದೆ? ಆಗ ಅರ್ಥವಾಯಿತು. ಆಳಕ್ಕೆ ಹೋದ ಹಾಗೆ ಕಂಬದ ತಲೆಯನ್ನು ಕಡಿದು, ಕಡಿದಷ್ಟು ಮಣ್ಣನ್ನೂ ದೋಣಿಗೆ ಹಾಕಿ, ಹುಲ್ಲಿನ ಹೆಂಟೆಯನ್ನು ಮಾತ್ರ ಜೋಪಾನವಾಗಿ ಎತ್ತಿ ಪುನಃ ಮೇಲೆ ಕೂರಿಸಿದ್ದರು. ಎದೆಮಟ್ಟ ಎಂದುಕೊಂಡು ನಾನು ನಿಂತಿದ್ದ ಗುಂಡಿಯ ನಿಜವಾದ ಆಳ ನನ್ನ ತಲೆಗಿಂತ ಮೇಲೆ ಇತ್ತು. ಸಾಕ್ಷಿಯ ಕುತ್ತಿಗೆ ಕೊಯ್ದು ಅದರ ಬಾಯಿಂದಲೇ ಸುಳ್ಳು ಹೇಳಿಸಿದ್ದರು. ಹೊಟ್ಟೆಪಾಡಿಗೆ ಕಳ್ಳತನ ಮಾಡುವವರನ್ನು ನಾನು ಕಂಡಿದ್ದೇನೆ, ಅವರ ಮೇಲೆ ನನಗೆ ಇಷ್ಟು ಸಿಟ್ಟು ಬಂದದ್ದಿಲ್ಲ.

ಒದ್ದೆ ಬಟ್ಟೆಯಲ್ಲೇ ಮೂಲೆಗೆ ಓಡಿದೆ. ಮಡಲುಗಳು ಒಂದು ಬದಿಗೆ ಬಿದ್ದಿದ್ದವು. ಕಪ್ಪು ಮಣ್ಣಿನ ರಾಶಿ ಇರಲಿಲ್ಲ. ನೆಲದ ಮೇಲೆ ಗಾಡಿಯ ಚಕ್ರದ ಗೆರೆಗಳು ಮಾತ್ರ ಇದ್ದವು.

ಅಕ್ಕ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ.

"ಮಣ್ಣು ಎಲ್ಲಿ ಅಕ್ಕ?"

"ನನ್ನ ಹತ್ರ ಕೇಳ್ತೀರಾ?" ಎಂದಳು. ಕೊಡಲಿ ಕೈಯಲ್ಲೇ ಇತ್ತು. "ರೈಟ್ರು ಹೇಳಿದ್ದಾರೆ, ಹುಣಿ ಜರಿದರೆ ಮಣ್ಣು ಹೊಳೆಗೆ ಹೋಗ್ತದೆ, ಎತ್ತರದ ಜಾಗಕ್ಕೆ ಸಾಗಿಸಿ ಇಡ್ಲಿಕ್ಕೆ ಉಂಟು ಅಂತ ನಿಮ್ಮ ಹೆಸರು ಹೇಳಿ ಗಾಡಿ ಮೇಲೆ ಗಾಡಿ ತುಂಬಿಸಿದ್ರು. ನಾನು ಅಡ್ಡ ನಿಲ್ಲಲಿಲ್ಲ. ನೀವು ಹೇಳಿದ್ದಲ್ಲವಾ ಅಂತ ಬುಟ್ಟಿಗೆ ಕೈ ಕೊಟ್ಟು ಎತ್ತಿಸಿದ್ದೂ ನಾನೇ."

ನನ್ನ ಹೆಸರಿನಲ್ಲಿ! ಅವಳ ಕೈಯಿಂದಲೇ ಅವಳ ಗದ್ದೆಯನ್ನು ಗಾಡಿಗೆ ತುಂಬಿಸಿದ್ದರು.

"ನಾನು ಹೇಳಿಲ್ಲ ಅಕ್ಕ. ನನಗೆ ಗೊತ್ತೇ ಇಲ್ಲ."

"ಹಾಗಾದರೆ ಹುಡುಕಿ ತನ್ನಿ," ಎಂದು ಪುನಃ ಸೌದೆ ಒಡೆಯಲು ತೊಡಗಿದಳು.

ಕಂತ್ರಾಟುದಾರನನ್ನು ಬಂದರಿನ ಗೋದಾಮಿನ ಎದುರು ಹಿಡಿದೆ. ಸಾಕ್ಷಿಯ ವಿಷಯ ಎತ್ತಿದಾಗ "ಕೆಲಸದವರು ಏನೋ ಮಾಡಿರಬೇಕು" ಎಂದು ಕೈ ತೊಳೆದುಕೊಂಡ. ಕಪ್ಪು ಮಣ್ಣು ಎಲ್ಲಿ ಎಂದಾಗ "ದೊಡ್ಡ ಉಬ್ಬರಕ್ಕೆ ಹೊಳೆ ಕೊಂಡು ಹೋಯಿತು" ಎಂದ. ಹೊಳೆ ಗಾಡಿ ಕಟ್ಟಿಕೊಂಡು ಬರುತ್ತದಾ ಎಂದು ಕೇಳಿದೆ. ಅವನ ನಗು ಆಗ ಸ್ವಲ್ಪ ಒಣಗಿತು.

"ಬಿಡಿ ಮಾರಾಯ್ರೆ. ಮಣ್ಣಲ್ಲವಾ? ಅದಕ್ಕೆ ಎಂತ ಇಷ್ಟು ದೊಡ್ಡ ಮಾತು. ಮಳೆ ಬಂದರೆ ಹೊಳೆಯೇ ಹೊಸ ಮಣ್ಣು ತಂದು ಹಾಕ್ತದೆ."

"ಹೊಳೆ ತಂದು ಹಾಕುವುದು ಹೊಯಿಗೆ!" ಎಂದು ನಾನು ಕಿರುಚಿದ್ದು ಧಕ್ಕೆಯವರೆಗೂ ಕೇಳಿರಬೇಕು. ಅವನು ತಾಂಬೂಲ ಉಗುಳಿ ಒಳಗೆ ಹೋದ.

ಮ್ಯಾನೇಜರ ಬಳಿಗೆ ಹೋದೆ. ಅವರು ಕೆಟ್ಟವರಲ್ಲ. ಅದೇ ಕಷ್ಟ, ಕೆಟ್ಟವರಾದರೆ ಬೈದು ಹಗುರಾಗಬಹುದಿತ್ತು. ನಾನು ಹೇಳಿದ್ದನ್ನೆಲ್ಲ ತಲೆ ಆಡಿಸುತ್ತಾ ಕೇಳಿದರು. ಮಳೆಗಾಲಕ್ಕೆ ಮುಂಚೆ ಜೇಡಿ ಕೂಡಿಡಬೇಕಾಗಿದೆ, ಭಟ್ಟಿ ಆರಬಾರದು, ಧನಿಗಳು ದೊಡ್ಡ ಜನ, ಒಕ್ಕಲಿನ ವಿಷಯ ಅವರಿಗೂ ಒಕ್ಕಲಿಗೂ ಬಿಟ್ಟದ್ದು. "ಮಣ್ಣು ತಾನೇ ರೈಟ್ರೆ. ನಮಗೆ ಬೇಕಾದ್ದು ಹೆಂಚು," ಎಂದರು.

ಆ ಮಾತೇ ನನಗೆ ದಾರಿ ತೋರಿಸಿತು. ಗದ್ದೆಯ ಕಣ್ಣೀರು ಇವರಿಗೆ ಕಾಣುವುದಿಲ್ಲ, ಹೆಂಚು ಕಾಣುತ್ತದೆ. ಹಾಗಾದರೆ ಹೆಂಚನ್ನೇ ತೋರಿಸುವ ಎಂದುಕೊಂಡೆ. ಆ ಗದ್ದೆಯಿಂದ ಮೊದಮೊದಲು ಬಂದಿದ್ದ, ಮೇಲಿನ ಪದರದ ಜೇಡಿ ಕೊಟ್ಟಿಗೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನೂ ಈಗ ಬಂದಿದ್ದ ಆಳದ ಜೇಡಿಯನ್ನೂ ಬೇರೆ ಬೇರೆ ಅರೆಸಿದೆ. ಒಂದೇ ಅಚ್ಚಿನಲ್ಲಿ ಒತ್ತಿಸಿ, ಒಂದೇ ನೆರಳಿನಲ್ಲಿ ಒಣಗಿಸಿ, ಹಿಂಬದಿಗೆ ಗೀರು ಹಾಕಿ ಗುರುತು ಮಾಡಿ ಒಂದೇ ಭಟ್ಟಿಗೆ ಇಡಿಸಿದೆ. ಭಟ್ಟಿ ಸುಟ್ಟು, ಆರಿ, ಬಾಗಿಲು ಒಡೆಯುವವರೆಗೆ ನನಗೆ ಊಟ ಸೇರಲಿಲ್ಲ. ಉಪ್ಪು ಏಳದಿದ್ದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಉಳಿಯುತ್ತಿರಲಿಲ್ಲ.

ಹೊರಗೆ ಬಂದಾಗ ಎರಡೂ ಹೆಂಚು ಒಂದೇ ಕೆಂಪು. ಮ್ಯಾನೇಜರ್ ನನ್ನನ್ನು ನೋಡಿದರು. ನಾನು ಎರಡರ ಮೇಲೂ ನೀರು ಹೊಯ್ದು ಬಿಸಿಲಿಗೆ ಇಟ್ಟೆ. ಒಣಗಿತು. ಪುನಃ ಹೊಯ್ದೆ. ಮಧ್ಯಾಹ್ನದ ಹೊತ್ತಿಗೆ ಆಳದ ಜೇಡಿಯ ಹೆಂಚಿನ ಮೈಮೇಲೆ ಉಪ್ಪಿನ ಬಿಳಿ ಹೂವು ಎದ್ದಿತು. ಉಗುರಿನಿಂದ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಬಂತು.

ಮ್ಯಾನೇಜರ ಮುಖ ಆ ಹೆಂಚಿಗಿಂತ ಬಿಳಿಯಾಯಿತು. "ಅಯ್ಯೋ ದೇವರೇ! ಇದನ್ನು ಹಡಗಿಗೆ ಹಾಕಿದರೆ ನಮ್ಮ ಮಾನ ಹೋಗ್ತದೆ. ನಿಲ್ಲಿಸಿ, ಆ ಗದ್ದೆಯ ಒಂದು ದೋಣಿಯೂ ಇಳಿಯಬಾರದು. ಆ ಧನಿಗಳ ಬೇರೆ ಗದ್ದೆಗಳದ್ದೂ ನೀವು ನೋಡಿ ಒಪ್ಪಿದ ಮೇಲೆ ಮಾತ್ರ!"

ನೋಡಿ, ಇದು ನನ್ನ ಹೊಟ್ಟೆ ಉರಿಸುವ ವಿಷಯ. ಹೆಂಚಿಗೆ ಉಪ್ಪು ಹತ್ತಿತು ಎಂದ ಕೂಡಲೇ ಇಡೀ ಕಾರ್ಖಾನೆ ಎದ್ದು ನಿಂತಿತು. ಗದ್ದೆಗೆ ಉಪ್ಪು ಹತ್ತಿದೆ ಎಂದು ಅದೇ ಕೋಣೆಯಲ್ಲಿ ಅದೇ ನಾನು ಹೇಳಿದಾಗ ಒಬ್ಬನೂ ಕೂತಲ್ಲಿಂದ ಅಲುಗಿರಲಿಲ್ಲ. ಹೆಂಚು ಕೆಟ್ಟರೆ ಇನ್ನೊಂದು ಹೆಂಚು ಮಾಡಬಹುದು. ಆ ಕಪ್ಪು ಮಣ್ಣನ್ನು ಇನ್ನೊಮ್ಮೆ ಮಾಡಲಿಕ್ಕೆ ಇನ್ನೊಬ್ಬ ಅತ್ತೆ ಹುಟ್ಟಿ, ಮುದುಕಿಯಾಗಿ, ಸಾಯಬೇಕು.

ದೋಣಿಗಳು ನಿಂತವು. ತುಂಬಿದ ದೋಣಿಗಳು ಹೊಳೆಯಲ್ಲಿ ಸಾಲಾಗಿ ಕಾದು ನಿಂತವು. ಕಂತ್ರಾಟುದಾರ ಮೊದಲು ಗದರಿಸಿದ, ಆಮೇಲೆ ಸಕ್ಕರೆಯ ಮಾತಿಗೆ ಬಂದ, ಕೊನೆಗೆ ಧನಿಗಳ ಬಳಿಗೆ ಓಡಿದ. ಅಷ್ಟರಲ್ಲಿ ಮಳೆಗಾಲಕ್ಕೆ ಮುಂಚಿನ ಮಳೆ ಗುಡುಗು ಸಮೇತ ಒಂದೆರಡು ಸಲ ಹೊಯ್ದು ಹೋಗಿತ್ತು. ಇನ್ನು ಕಾರ್ಗಾಲ ಹಿಡಿದರೆ ಏಣೆಲಿನ ಉಳುಮೆ. ಅಕ್ಕನ ಗದ್ದೆ ಉಪ್ಪುನೀರಿನ ಹೊಂಡವಾಗಿ ಬಿದ್ದುಕೊಂಡಿತ್ತು. ಕಪ್ಪು ಮಣ್ಣು ಎಲ್ಲಿ ಹೋಯಿತೆಂದು ನಾನು ಗಾಡಿಯವರನ್ನೆಲ್ಲ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ.

ಧನಿಗಳಿಂದ ಕರೆ ಬಂತು. ಫಳ್ನೀರಿನ ಗುಡ್ಡೆಯಲ್ಲಿ ಅವರು ಆ ವರ್ಷ ಹೊಸ ಬಂಗಲೆ ಕಟ್ಟಿಸಿದ್ದರು. ಗೃಹಪ್ರವೇಶ ಹತ್ತಿರ ಇತ್ತು. ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ನನ್ನನ್ನು ಜಗಲಿಯ ಬೆಂಚಿನಲ್ಲಿ ಕೂರಿಸಿ ಒಳಗೆ ಹೋದ ಧನಿಗಳು ಬೇಗ ಬರಲಿಲ್ಲ. ಕಾಯಿಸುವುದೂ ದೊಡ್ಡವರಿಗೆ ಒಂದು ಮಾತಾಡುವ ರೀತಿ. ನಾನು ಎದುರಿನ ತೋಟ ನೋಡುತ್ತಾ ಕೂತೆ.

ಫಳ್ನೀರಿನ ಗುಡ್ಡೆ ಎಂದರೆ ಮುರಕಲ್ಲು. ಅಲ್ಲಿ ಹಾರೆ ಹಾಕಿದರೆ ಕಿಡಿ ಹಾರುತ್ತದೆ, ಗರಿಕೆ ಕೂಡ ಯೋಚನೆ ಮಾಡಿ ಹುಟ್ಟುತ್ತದೆ. ಆ ಕೆಂಪು ಕಲ್ಲಿನ ಮೇಲೆ ಧನಿಗಳ ಹೂದೋಟ ಕಪ್ಪಗೆ ಹರಡಿಕೊಂಡಿತ್ತು. ಬೆಂಗಳೂರಿನಿಂದ ತರಿಸಿದ ಗುಲಾಬಿ ಗಿಡಗಳು, ಸುತ್ತ ಇಟ್ಟಿಗೆಯ ಅಂಚು. ಗುಲಾಬಿಗಳ ನಡುವೆ ಏನೋ ಹಸಿರು, ತೆಳ್ಳಗೆ, ನೆಟ್ಟಗೆ. ಹುಲ್ಲೆಂದುಕೊಂಡೆ. ಆಮೇಲೆ ಎದ್ದು ಹೋಗಿ ಬಗ್ಗಿ ನೋಡಿದೆ.

ಭತ್ತ. ಸುಗ್ಗಿ ಕೊಯ್ಲಿನಲ್ಲಿ ಗದ್ದೆಗೆ ಉದುರಿದ ಕಾಳು ಮಳೆಗೆ ಮೊಳೆತಿತ್ತು. ಪಕ್ಕದಲ್ಲಿ ಗದ್ದೆಯ ಹುಣಿಯಲ್ಲಿ ಬೆಳೆಯುವ ಒಂದೆಲಗ ಬಳ್ಳಿ ಹಬ್ಬಿಸಿತ್ತು. ಒಂದು ಸಸಿಯನ್ನು ಕಿತ್ತೆ. ಬೇರಿನ ಜೊತೆ ಬಂದ ಮಣ್ಣಿನಲ್ಲಿ ಸುಡುಮಣ್ಣಿನ ಇದ್ದಲಿನ ಚೂರು ಇತ್ತು. ಹೊಳೆ ಕೊಂಡುಹೋದ ಮಣ್ಣು ಗುಡ್ಡೆ ಹತ್ತಿ ಬಂದು ಗುಲಾಬಿಗೆ ಹಾಸಿಗೆಯಾಗಿತ್ತು.

"ರೈಟರು ತೋಟ ನೋಡ್ತಾ ಇದ್ದೀರಾ?" ಎಂದು ಹಿಂದಿನಿಂದ ಧನಿಗಳ ಧ್ವನಿ ಬಂತು. "ಕೂತ್ಕೊಳ್ಳಿ. ದೋಣಿಗಳನ್ನು ನಿಲ್ಲಿಸಿದ್ದೀರಂತೆ. ಹೊಳೆಯ ಮೇಲ್ಗಡೆಯ ನನ್ನ ಗದ್ದೆಗಳ ಜೇಡಿಯನ್ನೂ ನೀವು ಒಪ್ಪುವುದಿಲ್ಲವಂತೆ?"

ನಾನು ಸಸಿಯನ್ನು ಅವರೆದುರು ಹಿಡಿದೆ. "ಧನಿಗಳೇ, ಇದು ಎಂತ ಗಿಡ?"

ಅವರು ನೋಡಿದರು. ಅವರಿಗೂ ಗೊತ್ತಾಯಿತು. ಭತ್ತದ ಗುರುತು ಸಿಗದ ಧನಿ ನಮ್ಮ ಊರಿನಲ್ಲಿ ಇಲ್ಲ.

"ಹೌದು. ತರಿಸಿದ್ದೇನೆ. ಗದ್ದೆ ನನ್ನದು, ತೋಟವೂ ನನ್ನದು. ನನ್ನ ಮಣ್ಣು ನನ್ನ ಮನೆಗೆ ಬಂದರೆ ಅದಕ್ಕೆ ನಿಮ್ಮ ಅಪ್ಪಣೆ ಬೇಕಾ? ಮಣ್ಣಿಗೆ ಇಷ್ಟು ದೊಡ್ಡ ರಂಪ!"

"ಗದ್ದೆ ನಿಮ್ಮದೇ ಧನಿಗಳೇ. ಈ ಕಪ್ಪು ನಿಮ್ಮದಲ್ಲ. ನೀವು ಕೊಟ್ಟದ್ದು ಹೊಯಿಗೆ. ಇದನ್ನು ಮಾಡಿದ್ದು ಆ ಹೆಂಗಸು, ಅವಳ ಅತ್ತೆ. ನೀವು ಒಂದು ಹೊರೆ ಸೊಪ್ಪು ಹೊತ್ತದ್ದನ್ನು ಯಾರೂ ಕಂಡಿಲ್ಲ." ನನ್ನ ಧ್ವನಿ ಏರಿತು. ಚಪ್ಪರದವರು ಕೆಲಸ ನಿಲ್ಲಿಸಿದರು. "ಅದನ್ನು ನನ್ನ ಹೆಸರು ಹೇಳಿ ತೆಗೆಸಿದ್ದೀರಿ. ಜೋಪಾನವಾಗಿ ಇಡ್ತೇವೆ ಅಂತ ಅವಳ ಕೈಯಿಂದಲೇ ಗಾಡಿಗೆ ತುಂಬಿಸಿದ್ದೀರಿ. ಹೂವಿಗಾಗಿ!"

"ನೀನು ಯಾರ ಹತ್ರ ಮಾತಾಡ್ತಾ ಇದ್ದೀ, ಗೊತ್ತುಂಟಾ?" ಅವರು ನೀವು ಎನ್ನುವುದನ್ನು ಬಿಟ್ಟಿದ್ದರು. "ನಾಳೆಯೇ ಮ್ಯಾನೇಜರಿಗೆ ಹೇಳಿ ನಿನ್ನನ್ನು ಧಕ್ಕೆಯಿಂದ ತೆಗೆಸ್ತೇನೆ."

"ತೆಗೆಸಿ. ನಾನು ಹೋದರೆ ಮಣ್ಣಿನ ಉಪ್ಪು ಹೋಗುವುದಿಲ್ಲ. ಬಿಳಿ ಹೆಂಚು ಮ್ಯಾನೇಜರ ಮೇಜಿನ ಮೇಲೆಯೇ ಉಂಟು."

ಅಲ್ಲಿ ನಿಂತೇ ನಾನು ನಿರ್ಧಾರ ಮಾಡಿದೆ. ಮೇಲಿನ ಗದ್ದೆಗಳ ಜೇಡಿ ಒಳ್ಳೆಯದು, ಅದು ನನಗೆ ಗೊತ್ತಿತ್ತು. ಆದರೆ ಒಬ್ಬ ಒಕ್ಕಲಿನ ಗದ್ದೆಯನ್ನು ಹೀಗೆ ಮಾಡಿದವರು ಉಳಿದ ಒಕ್ಕಲಿನ ಗದ್ದೆಗಳನ್ನು ಹೇಗೆ ಮಾಡುತ್ತಾರೆ ಎಂಬುದೂ ಗೊತ್ತಿತ್ತು. ಹಿಂದೆ ಕಳಿಸಿದ ದೋಣಿಗಳ ಜೇಡಿಯನ್ನು ಅದೇ ಗುಂಡಿಗೆ ತುಂಬಿ ಉಬ್ಬರದ ಮಟ್ಟಕ್ಕಿಂತ ಮೇಲೆ ತರಬೇಕು, ಅದರ ಮೇಲೆ ಈ ಕಪ್ಪು ಮಣ್ಣು ಹಿಂದೆ ಬಂದು ಬೀಳಬೇಕು. ಅದು ಆಗುವವರೆಗೆ ಧನಿಗಳ ಯಾವ ಗದ್ದೆಗೂ ನಾನು ಹಗ್ಗ ಹಿಡಿಯುವುದಿಲ್ಲ, ಅಷ್ಟೇ ಎಂದೆ. ಬೇಡ ಎಂದರೆ ಗೃಹಪ್ರವೇಶದ ದಿನವೇ ಅವಳನ್ನು ಇಲ್ಲಿಗೇ ಕರಕೊಂಡು ಬರುತ್ತೇನೆ, ನೆಂಟರೂ ಬಂದು ಇದು ಯಾರ ಭತ್ತ ಎಂದು ನೋಡಲಿ ಎಂದೂ ಹೇಳಿದೆ. ಸಿಟ್ಟಿನಲ್ಲಿ ಹೇಳಿದ್ದು, ಆದರೆ ಆ ಕೊನೆಯ ಮಾತೇ ಅವರಿಗೆ ತಾಗಿದ್ದು. ಜೇಡಿ ನಿಂತರೆ ಸಹಿಸಿಯಾರು, ನೆಂಟರ ಎದುರು ತಲೆ ತಗ್ಗಿಸಲಾರರು.

ಧನಿಗಳು ಚಪ್ಪರದವರ ಕಡೆಗೆ ಒಮ್ಮೆ ನೋಡಿದರು. ಕೊನೆಗೆ "ಕೊಂಡು ಹೋಗ್ಲಿ. ಗಾಡಿ ಕಳಿಸ್ಲಿಕ್ಕೆ ಕಂತ್ರಾಟುದಾರನಿಗೆ ಹೇಳ್ತೇನೆ," ಎಂದರು. ಒಳಗೆ ಹೋಗುತ್ತಾ ತಿರುಗಿ ನಿಂತು, "ಆದರೆ ನನ್ನ ಹೂವಿನ ಗಿಡಕ್ಕೆ ಏನಾದರೂ ಆದರೆ ಮಾತ್ರ ನಾನು ಸುಮ್ಮನಿರುವುದಿಲ್ಲ. ಒಂದು ಎಲೆ ಉದುರಬಾರದು. ಅವಳಿಗೆ ಹೇಳು," ಎಂದರು.

ಅಕ್ಕನಿಗೆ ಹೇಳಿದೆ. ಮಣ್ಣು ಎಲ್ಲಿತ್ತು ಎಂದು ಕೇಳಿ ಅವಳು ಹಣೆ ಬಡಿದುಕೊಳ್ಳಲಿಲ್ಲ, ಶಾಪ ಹಾಕಲಿಲ್ಲ. "ಗುಲಾಬಿಗಾ?" ಎಂದು ಮಾತ್ರ ಕೇಳಿದಳು. ಆಮೇಲೆ ಧನಿಗಳ ಕೊನೆಯ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದಳು.

ದೋಣಿಗಳು ತಿರುಗಿದವು. ಉಪ್ಪು ಜೇಡಿ ಬಂದಲ್ಲಿಗೇ ಹೋಗಿ ಬಿತ್ತು. ಗುಂಡಿ ತುಂಬಿ ಮೇಲೆ ಬಂದ ಮೇಲೆ ಮಳೆನೀರು ನಿಲ್ಲಿಸಿ, ಹುಣಿ ಕಡಿದು ಹೊರಗೆ ಬಿಟ್ಟು, ಪುನಃ ನಿಲ್ಲಿಸಿ ಉಪ್ಪು ತೊಳೆಸಿದೆವು. ಅಕ್ಕ ಬೈಲಿನ ಹೆಂಗಸರನ್ನು ಕಟ್ಟಿಕೊಂಡು ಹೆಡಿಗೆ ಬುಟ್ಟಿ ಹಿಡಿದು ದಿನಾ ಫಳ್ನೀರಿಗೆ ಹತ್ತಿದಳು. ಗಾಡಿಗಳು ತುಂಬಿ ಇಳಿದವು. ಎಲ್ಲ ಮಣ್ಣೂ ಸಿಗಲಿಲ್ಲ. ಸ್ವಲ್ಪ ಗೋಡೆಯ ಪಾಯಕ್ಕೆ ಹೋಗಿತ್ತು, ಸ್ವಲ್ಪ ಮಳೆಗೆ ಚರಂಡಿ ಸೇರಿತ್ತು. ಆ ವರ್ಷ ಅವಳ ಏಣೆಲು ತಡವಾಯಿತು, ತೆಳುವೂ ಆಯಿತು, ಆದರೆ ಗೇಣಿಯ ಅಕ್ಕಿಗೆ ಸಾಕಾಯಿತು. ಅವಳು ಅದೇ ಗದ್ದೆಯಲ್ಲಿ ಉಳಿದಳು. ಮಳೆಗಾಲ ಮುಗಿಯುವ ಮೊದಲೇ ನನ್ನನ್ನು ಧಕ್ಕೆಯಿಂದ ಎತ್ತಿ ಒಡೆದ ಹೆಂಚು ಆರಿಸುವ ಕೊಟ್ಟಿಗೆಗೆ ಹಾಕಿದರು. ಧನಿಗಳು ಮಾತಿಗೆ ತಪ್ಪುವವರಲ್ಲ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಣ್ಣು ಮುಟ್ಟಿ ನೋಡುವ ಆ ಕೆಲಸ ನನಗೆ ಪ್ರೀತಿಯದು. ಆದರೆ ಒಬ್ಬನಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ಮಣ್ಣು ಗದ್ದೆಯಿಂದ ಹೊರಗೆ ಹೋಗಬೇಕಾದರೆ ಎಷ್ಟೋ ಕೈ ದಾಟಬೇಕು. ಅದರಲ್ಲಿ ಒಂದು ಕೈ "ಬೇಡ" ಎಂದರೆ ಸಾಕು, ದೋಣಿ ನಿಲ್ಲುತ್ತದೆ.

ಅದೆಲ್ಲ ಆಮೇಲಿನ ಮಾತು. ಗುಲಾಬಿ ತೋಟದ ಕೊನೆಯ ದಿನವನ್ನು ಹೇಳಬೇಕು.

ಗಿಡಗಳ ಬುಡದ ಮಣ್ಣನ್ನು ಅಕ್ಕ ಕೊನೆಗೆ ಉಳಿಸಿಕೊಂಡಿದ್ದಳು. ಆ ದಿನ ಅವಳು ಹಾರೆ ತರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಕೈಯಿಂದಲೇ ಬುಡ ಬಿಡಿಸಿ, ಒಂದೊಂದೇ ಗಿಡವನ್ನು ಮಗುವಿನ ಹಾಗೆ ಎತ್ತಿದಳು. ಬೇರಿನ ಎಳೆ ಎಳೆಯನ್ನು ಬೆರಳಿನಿಂದ ಬಿಡಿಸಿ ಮಣ್ಣನ್ನು ಹೆಡಿಗೆಗೆ ಉದುರಿಸಿದಳು. ಕೊನೆಗೆ ಚೆಂಬಿನ ನೀರಿನಲ್ಲಿ ಬೇರು ಅದ್ದಿ, ಆ ಕದಡಿದ ನೀರನ್ನೂ ಹೆಡಿಗೆಯ ಮಣ್ಣಿನ ಮೇಲೆ ಹೊಯ್ದಳು. ತೋಟದಲ್ಲಿ ಮೊಳೆತಿದ್ದ ಭತ್ತದ ಸಸಿಗಳನ್ನು ಕಿತ್ತು ಕಟ್ಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಟ್ಟಿಗೆಯ ಅಂಚಿನ ಒಳಗೆ ಉಳಿದದ್ದು ಬರೀ ಮುರಕಲ್ಲು.

ಧನಿಗಳು ಹೊರಗೆ ಬಂದಾಗ ಜಗಲಿಯ ಮೇಲೆ ಗುಲಾಬಿ ಗಿಡಗಳು ಸಾಲಾಗಿ ಮಲಗಿದ್ದವು. ಎಲೆ ಉಂಟು, ಮೊಗ್ಗು ಉಂಟು, ಬೇರು ಬೆಳ್ಳಗೆ ತೊಳೆದಿಟ್ಟದ್ದು.

ಅಕ್ಕ ಹೆಡಿಗೆಯನ್ನು ತಲೆಗೆ ಏರಿಸಿಕೊಂಡು, ತಲೆ ತಗ್ಗಿಸಲಾಗದ್ದರಿಂದ ಕಣ್ಣು ಮಾತ್ರ ತಗ್ಗಿಸಿ ಹೇಳಿದಳು:

"ನಿಮ್ಮ ಗಿಡ ಎಲ್ಲ ಇಲ್ಲಿ ಉಂಟು ಧನಿಗಳೇ. ಒಂದು ಎಲೆ ಉದುರಲಿಲ್ಲ. ನೋಡಿಕೊಳ್ಳಿ."